ಕೇಸು ಹಾಕಿದವರ ಡಬ್ಬಿಯೊಳಗೆ

2018ರ ಡಿಸೆಂಬರ್ 3. ಜಪಾನಿನಲ್ಲಿ ಮೊದಲ ಪ್ಲೇಸ್ಟೇಷನ್ ಮಾರಾಟಕ್ಕೆ ಬಂದು ಅವತ್ತಿಗೆ ಸರಿಯಾಗಿ 24 ವರ್ಷ. ಅದೇ ದಿನ ಸೋನಿ ಕಂಪನಿ ಒಂದು ಪುಟಾಣಿ ಡಬ್ಬಿಯನ್ನ ಮಾರುಕಟ್ಟೆಗೆ ಬಿಟ್ಟಿತು. ಹೆಸರು ಪ್ಲೇಸ್ಟೇಷನ್ ಕ್ಲಾಸಿಕ್. ಅಮೆರಿಕದಲ್ಲಿ ಬೆಲೆ ಸುಮಾರು ನೂರು ಡಾಲರ್. ಒಳಗೆ 20 ಹಳೇ ಗೇಮ್. ಟಿವಿಗೆ ಸಿಕ್ಕಿಸಿದರೆ ಆಯ್ತು, ಬಾಲ್ಯ ವಾಪಸ್ ಬಂತು ಅನ್ನೋ ಲೆಕ್ಕ.

ಇಲ್ಲಿವರೆಗೆ ಸುದ್ದಿ ಏನೂ ಇಲ್ಲ. ಸುದ್ದಿ ಇರೋದು ಡಬ್ಬಿಯೊಳಗೆ. ಆ 20 ಗೇಮ್‌ಗಳನ್ನ ಓಡಿಸೋಕೆ ಅದರಲ್ಲಿ 1994ರ ಹಳೇ ಚಿಪ್ ಇರಲಿಲ್ಲ. ಇದ್ದದ್ದು ಪಿಸಿಎಸ್‌ಎಕ್ಸ್ ರಿಆರ್ಮ್ಡ್ ಅನ್ನೋ ಒಂದು ತಂತ್ರಾಂಶ, ಒಂದು ಎಮ್ಯುಲೇಟರ್. ಬರೆದವರು ಯಾರು? ಸೋನಿಯ ಎಂಜಿನಿಯರುಗಳಲ್ಲ ಸ್ವಾಮಿ. ಹವ್ಯಾಸಿಗಳು. ಯಾರು ಬೇಕಾದರೂ ಬಳಸಿ ಅಂತ ಮುಕ್ತವಾಗಿ ಬಿಟ್ಟಿದ್ದ ತಂತ್ರಾಂಶ ಅದು. ಪ್ಲೇಸ್ಟೇಷನ್ ಅನ್ನೋ ಯಂತ್ರವನ್ನ ಕಂಡುಹಿಡಿದ ಕಂಪನಿಯೇ ಅದನ್ನ ಮತ್ತೆ ಬದುಕಿಸೋಕೆ ಹೊರಗಿನ ಹುಡುಗರ ಕೋಡ್ ಎತ್ತಿಕೊಂಡಿತು. ಕಾನೂನು ಪ್ರಕಾರ ತಪ್ಪೇನಿಲ್ಲ, ಲೈಸೆನ್ಸ್ ಪಟ್ಟಿಯಲ್ಲಿ ಹೆಸರೂ ಹಾಕಿತ್ತು. ಆದರೆ ಇದೇ ಸೋನಿ 19 ವರ್ಷಗಳ ಹಿಂದೆ ಇಂಥದ್ದೇ ತಂತ್ರಾಂಶ ಬರೆದವರನ್ನ ಕೋರ್ಟಿಗೆ ಎಳೆದಿತ್ತು. ಆ ಕಥೆ ಗೊತ್ತಿರಬೇಕು.

ಮೊದಲು ಎಮ್ಯುಲೇಟರ್ ಅಂದರೆ ಏನು ಅಂತ ನೋಡೋಣ. ಕಂಪನಿ ಸರ್ಕಾರದ ಕಾಲದಲ್ಲಿ ದುಭಾಷಿಗಳು ಇರ್ತಿದ್ದರಲ್ಲ, ಹಾಗೆ. ರೈತ ಕನ್ನಡದಲ್ಲಿ ಹೇಳ್ತಾನೆ, ಕಲೆಕ್ಟರ್ ಸಾಹೇಬರಿಗೆ ಇಂಗ್ಲಿಷಿನಲ್ಲಿ ಕೇಳಿಸುತ್ತೆ. ಹಳೇ ಗೇಮ್ ಹಳೇ ಯಂತ್ರದ ಭಾಷೆಯಲ್ಲಿ ಮಾತ್ರ ಮಾತಾಡುತ್ತೆ, ನಿಮ್ಮ ಕಂಪ್ಯೂಟರಿಗೆ ಆ ಭಾಷೆ ಬರಲ್ಲ. ಎಮ್ಯುಲೇಟರ್ ನಡುವೆ ನಿಂತು ಪ್ರತಿಯೊಂದು ಆಜ್ಞೆಯನ್ನೂ ಅನುವಾದ ಮಾಡುತ್ತೆ, ಸೆಕೆಂಡಿಗೆ ಲಕ್ಷಾಂತರ ಸಲ. ತಾನು ಇನ್ನೂ ಹಳೇ ಯಂತ್ರದಲ್ಲೇ ಇದ್ದೀನಿ ಅಂತ ಗೇಮ್ ನಂಬಿಕೊಂಡಿರುತ್ತೆ. ಇದೇನು ಕಳ್ಳ ಹುಡುಗರ ವಿದ್ಯೆಯಲ್ಲ. 1964ರಲ್ಲಿ ಐಬಿಎಂ ತನ್ನ ಸಿಸ್ಟಂ/360 ಕಂಪ್ಯೂಟರ್ ತಂದಾಗ ಹಳೇ 1401 ಯಂತ್ರದ ಪ್ರೋಗ್ರಾಂಗಳೂ ಅದರಲ್ಲಿ ಓಡೋ ಹಾಗೆ ಮಾಡಿತ್ತು. ಇಲ್ಲದಿದ್ದರೆ ಗಿರಾಕಿಗಳು ಪಕ್ಕದ ಅಂಗಡಿಗೆ ಹೋಗಿಬಿಡ್ತಿದ್ದರು. ದೊಡ್ಡವರು ಮಾಡಿದಾಗ ಅದು ತಂತ್ರಜ್ಞಾನ. ಚಿಕ್ಕವರು ಮಾಡಿದಾಗ?

ಬನ್ನಿ, 1999ಕ್ಕೆ.

ಆ ವರ್ಷದ ಜನವರಿಯಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಮ್ಯಾಕ್‌ವರ್ಲ್ಡ್ ಮೇಳದಲ್ಲಿ ಕನೆಕ್ಟಿಕ್ಸ್ ಅನ್ನೋ ಸಣ್ಣ ಕಂಪನಿಯ ಒಂದು ತಂತ್ರಾಂಶ ಬಂತು. ವರ್ಚುಯಲ್ ಗೇಮ್ ಸ್ಟೇಷನ್. 49 ಡಾಲರ್ ಕೊಟ್ಟರೆ ನಿಮ್ಮ ಮ್ಯಾಕ್ ಕಂಪ್ಯೂಟರಿನಲ್ಲೇ ಪ್ಲೇಸ್ಟೇಷನ್ ಸಿಡಿ ಹಾಕಿ ಆಡಬಹುದು. ಯಂತ್ರ ಬೇಕಿಲ್ಲ. ಜನ ಮುಗಿಬಿದ್ದರು. ಸೋನಿ ಆ ತಿಂಗಳು ಮುಗಿಯೋಕೆ ಮುಂಚೆ ಕೇಸು ಜಡಿಯಿತು. ಏಪ್ರಿಲ್‌ನಲ್ಲಿ ಕೆಳಗಿನ ಕೋರ್ಟು ಮಾರಾಟಕ್ಕೆ ತಡೆಯಾಜ್ಞೆಯನ್ನೂ ಕೊಟ್ಟಿತು.

ಜಗಳದ ತಿರುಳು ಇಷ್ಟೇ. ಪ್ಲೇಸ್ಟೇಷನ್ ಆನ್ ಮಾಡಿದ ಕೂಡಲೇ ಮೊದಲು ಎಚ್ಚರಗೊಳ್ಳೋದು ಬಯೋಸ್ ಅನ್ನೋ ಪುಟ್ಟ ತಂತ್ರಾಂಶ. ಅದರ ಹಕ್ಕು ಸೋನಿಯದ್ದು. ಕನೆಕ್ಟಿಕ್ಸ್‌ನವರು ಅಂಗಡಿಯಿಂದ ಪ್ಲೇಸ್ಟೇಷನ್ ಕೊಂಡು ತಂದು, ಬಯೋಸ್ ಹೊರತೆಗೆದು, ನಕಲು ಮಾಡಿಕೊಂಡು, ಅದು ಹೇಗೆ ಕೆಲಸ ಮಾಡುತ್ತೆ ಅಂತ ಬಿಡಿಸಿ ಬಿಡಿಸಿ ನೋಡಿದ್ದರು. ಆಮೇಲೆ ತಮ್ಮದೇ ಬಯೋಸ್ ಬರೆದರು. ಮಾರಿದ ತಂತ್ರಾಂಶದಲ್ಲಿ ಸೋನಿಯ ಒಂದು ಸಾಲೂ ಇರಲಿಲ್ಲ. ಆದರೆ ಕಲಿಯೋ ಹಂತದಲ್ಲಿ ನಕಲು ಮಾಡಿದ್ದು ನಿಜ. ಅದು ಕಳ್ಳತನವೋ, ಅಧ್ಯಯನವೋ?

2000ದ ಫೆಬ್ರುವರಿ 10ರಂದು ಒಂಬತ್ತನೇ ಸರ್ಕ್ಯೂಟಿನ ಮೇಲ್ಮನವಿ ನ್ಯಾಯಾಲಯ ತಡೆಯಾಜ್ಞೆಯನ್ನ ಕಿತ್ತುಹಾಕಿತು. ಒಳಗಿನ ವಿಚಾರ ತಿಳಿಯೋಕೆ ಬೇರೆ ದಾರಿಯೇ ಇಲ್ಲದಾಗ, ಕಲಿಯೋದಕ್ಕಾಗಿ ಮಾಡಿದ ನಕಲು ನ್ಯಾಯಯುತ ಬಳಕೆ ಅಂತು. ಇನ್ನೊಂದು ಮಾತನ್ನೂ ಹೇಳಿತು, ಅದು ನನಗೆ ಹೆಚ್ಚು ಮುಖ್ಯ: ಸೋನಿ ಗೇಮ್ ಆಡಿಸೋ ಯಂತ್ರದ ಮಾರುಕಟ್ಟೆ ಪೂರ್ತಿ ನನ್ನ ಕೈಯಲ್ಲೇ ಇರಲಿ ಅಂತ ಬಯಸೋದು ಅರ್ಥವಾಗುತ್ತೆ, ಆದರೆ ಕಾಪಿರೈಟ್ ಕಾನೂನು ಆ ಏಕಸ್ವಾಮ್ಯವನ್ನ ಕೊಡಲ್ಲ. ಅಂದರೆ ಸಿನಿಮಾದ ಹಕ್ಕು ನಿಮ್ಮದು, ಸರಿ. ಆದರೆ ಊರಲ್ಲಿರೋ ಎಲ್ಲಾ ಪ್ರೊಜೆಕ್ಟರೂ ನನ್ನದೇ ಅಂದರೆ ಆಗಲ್ಲ!

ಗೆದ್ದರಲ್ಲ, ಸುಖವಾಗಿದ್ದರಾ? ಎಲ್ಲಿ ಬಂತು! ಮುಂದಿನ ವರ್ಷ ಸೋನಿಯೇ ಆ ತಂತ್ರಾಂಶವನ್ನ ಕೊಂಡುಕೊಂಡು ಮುಚ್ಚಿಹಾಕಿತು. ಕೋರ್ಟಿನಲ್ಲಿ ಸೋತದ್ದನ್ನ ಚೆಕ್ ಬುಕ್ಕಿನಲ್ಲಿ ಗೆದ್ದರು. ಅದೇ ಹೊತ್ತಿಗೆ ಬ್ಲೀಮ್ ಅನ್ನೋ ಇನ್ನೊಂದು ಪುಟ್ಟ ಕಂಪನಿಯೂ ವಿಂಡೋಸ್ ಕಂಪ್ಯೂಟರಿಗೆ ಇಂಥದ್ದೇ ತಂತ್ರಾಂಶ ಮಾರ್ತಿತ್ತು. ಸೋನಿ ಅವರ ಮೇಲೂ ಬಿತ್ತು. ಜಾಹೀರಾತಿನಲ್ಲಿ ನಮ್ಮ ಗೇಮಿನ ಚಿತ್ರ ಯಾಕೆ ಹಾಕಿದ್ರಿ ಅನ್ನೋದಕ್ಕೂ ಒಂದು ಜಗಳ. ಅದರಲ್ಲೂ 2000ದ ಮೇ ತಿಂಗಳಲ್ಲಿ ಮೇಲ್ಮನವಿ ನ್ಯಾಯಾಲಯ ಬ್ಲೀಮ್ ಕಡೆಗೇ ನಿಂತಿತು. ಆದರೆ ಲಾಯರ್ ಫೀಸ್ ಕಟ್ಟಿ ಕಟ್ಟಿ ಕಂಪನಿ ಸುಸ್ತಾಯ್ತು. 2001ರ ನವೆಂಬರ್‌ನಲ್ಲಿ ಬಾಗಿಲು ಹಾಕಿದರು. ಕೋರ್ಟು ಕಚೇರಿ ಸುತ್ತಿದ ನಮ್ಮ ಜನಕ್ಕೆ ಇದನ್ನ ಬಿಡಿಸಿ ಹೇಳಬೇಕಿಲ್ಲ.

ಆದರೆ ತೀರ್ಪು ಉಳೀತು. ಅದೇ 1999ರಲ್ಲಿ ನಮ್ಮ ಸಂಸತ್ತೂ 1957ರ ಕಾಪಿರೈಟ್ ಕಾಯ್ದೆಗೆ ತಿದ್ದುಪಡಿ ತಂದಿತ್ತು. 52ನೇ ಕಲಮಿನೊಳಗೆ ಒಂದು ಉಪಕಲಮು ಸೇರಿತು. ನ್ಯಾಯವಾಗಿ ಕೊಂಡ ತಂತ್ರಾಂಶದ ಜೊತೆ ತಾನೇ ಬರೆದ ಬೇರೊಂದು ತಂತ್ರಾಂಶ ಹೊಂದಿಕೊಂಡು ಓಡಬೇಕು ಅಂತಿದ್ದರೆ, ಅದಕ್ಕೆ ಬೇಕಾದ ಮಾಹಿತಿ ಬೇರೆಲ್ಲೂ ಸಿಗದಿದ್ದರೆ, ಬಿಚ್ಚಿ ನೋಡೋದು ಅಪರಾಧವಲ್ಲ ಅಂತ. ಗೇಮಿಗಾಗಿ ಬರೆದದ್ದಲ್ಲ ಅದು. ಆದರೂ ಇದೆ.

ಇನ್ನು ಅಸಲಿ ಪ್ರಶ್ನೆ. ಹಳೇ ಗೇಮ್ ತಾನೇ, ಹೋದರೆ ಹೋಗಲಿ ಬಿಡಿ ಅಂತೀರಾ? 90ರ ದಶಕದ ಬೇಸಿಗೆ ರಜೆ ನೆನಪು ಮಾಡಿಕೊಳ್ಳಿ. ಗಂಟೆಗೆ ಇಷ್ಟು ರೂಪಾಯಿ ಅಂತ ಕೊಟ್ಟು ಆಡ್ತಿದ್ದ ವಿಡಿಯೋ ಗೇಮ್ ಅಂಗಡಿ, ಹಳದಿ ಕ್ಯಾಸೆಟ್, 9999 ಗೇಮ್ ಅಂತ ಮೇಲೆ ಬರೆದು ಒಳಗೆ ಹತ್ತೋ ಹದಿನೈದೋ ಇರ್ತಿದ್ದದ್ದು, ಕಾಂಟ್ರಾದಲ್ಲಿ ಇಬ್ಬರು ಸೇರಿ ಜಲಪಾತ ಹತ್ತುತ್ತಿದ್ದದ್ದು. ಅವುಗಳಲ್ಲಿ ಬಹುಪಾಲು ನಿಂಟೆಂಡೊ 1983ರಲ್ಲಿ ಜಪಾನಿನಲ್ಲಿ ತಂದ ಫ್ಯಾಮಿಕಾಮ್‌ನ ನಕಲು ಯಂತ್ರಗಳು. ಒಂದು ಇಡೀ ಪೀಳಿಗೆ ಅಸಲಿ ಯಂತ್ರದ ಮುಖವನ್ನೇ ನೋಡದೆ ಮಾರಿಯೋ ಆಡಿ ಬೆಳೀತು. ಈಗ ಆ ಯಂತ್ರವೂ ಇಲ್ಲ, ಕ್ಯಾಸೆಟ್ಟೂ ಇಲ್ಲ. ಆ ಗೇಮ್ ಇವತ್ತಿಗೂ ಕಂಪ್ಯೂಟರ್ ಪರದೆ ಮೇಲೆ ಓಡುತ್ತೆ ಅಂದರೆ ಅದಕ್ಕೆ ಕಾರಣ ಎಮ್ಯುಲೇಟರ್ ಬರೆದವರು.

ಸುಮ್ಮನೆ ಹಾಳಾಗೋದು ಒಂದು. ಸಾಯೋ ಹಾಗೆಯೇ ತಯಾರಾದದ್ದು ಇನ್ನೊಂದು. ಜಪಾನಿನ ಕ್ಯಾಪ್‌ಕಾಮ್ ಕಂಪನಿ 1993ರಿಂದ ಪಾರ್ಲರ್‌ಗಳಿಗೆ ಸಿಪಿಎಸ್-2 ಅನ್ನೋ ಬೋರ್ಡ್ ಕೊಡ್ತಿತ್ತು. ಸ್ಟ್ರೀಟ್ ಫೈಟರ್ ಸರಣಿಯ ಹಲವು ಗೇಮ್‌ಗಳು ಬಂದದ್ದು ಅದರಲ್ಲೇ. ನಕಲು ತಡೆಯೋಕೆ ಗೇಮನ್ನ ಗೂಢಲಿಪಿಯಲ್ಲಿಟ್ಟು, ಅದನ್ನ ಬಿಡಿಸೋ ಕೀಲಿಯನ್ನ ಬೋರ್ಡಿನ ಮೆಮೊರಿಯಲ್ಲಿ ಇಟ್ಟಿದ್ದರು. ಆ ಮೆಮೊರಿಗೆ ಜೀವ ಒಂದು ಪುಟ್ಟ ಬ್ಯಾಟರಿ. ಬ್ಯಾಟರಿ ಮುಗೀತೋ, ಕೀಲಿ ಅಳಿಸಿಹೋಯ್ತು. ಗೇಮ್ ಸತ್ತಹಾಗೆಯೇ. ಕಾಸು ಕೊಟ್ಟು ಕೊಂಡ ಬೋರ್ಡು, ಯಾರೂ ಮುಟ್ಟದೆ ಕಪಾಟಿನಲ್ಲಿ ಕೂತಲ್ಲೇ ಪ್ರಾಣ ಬಿಡುತ್ತೆ! ಗೇಮ್ ಪ್ರಿಯರು ಅದಕ್ಕೆ ಆತ್ಮಹತ್ಯಾ ಬ್ಯಾಟರಿ ಅಂತಲೇ ಹೆಸರಿಟ್ಟರು. 2001ರ ಜನವರಿಯಲ್ಲಿ ಸಿಪಿಎಸ್-2 ಶಾಕ್ ಅನ್ನೋ ಹವ್ಯಾಸಿಗಳ ಗುಂಪು ಆ ಗೂಢಲಿಪಿಯನ್ನ ದಾಟಿ ಗೇಮನ್ನ ಹೊರಗೆ ತಂದಿತು. ಸತ್ತ ಬೋರ್ಡುಗಳಿಗೆ ಮತ್ತೆ ಜೀವ ಬಂದದ್ದು ಆ ಕೆಲಸದಿಂದ.

ಅದಕ್ಕೂ ನಾಲ್ಕು ವರ್ಷ ಮೊದಲು, 1997ರ ಫೆಬ್ರುವರಿಯಲ್ಲಿ ಇಟಲಿಯ ನಿಕೋಲಾ ಸಾಲ್ಮೋರಿಯಾ ಮೇಮ್ ಅನ್ನೋ ಎಮ್ಯುಲೇಟರ್ ಹೊರತಂದಿದ್ದರು. ಪಾರ್ಲರ್ ಗೇಮ್‌ಗಳಿಗೆ ಅಂತಲೇ. ಮೊದಲು ಪ್ಯಾಕ್‌ಮ್ಯಾನ್ ಥರದ ಕೆಲವೇ ಗೇಮ್, ಆಮೇಲೆ ಸಾವಿರಾರು. ಚಿಪ್ಪಿನೊಳಗಿನ ವಿಷಯ ಓದೋಕಾಗದಿದ್ದಾಗ ಅದರ ಮೇಲಿನ ಹೊದಿಕೆಯನ್ನ ಆ್ಯಸಿಡ್‌ನಲ್ಲಿ ಕರಗಿಸಿ, ಸೂಕ್ಷ್ಮದರ್ಶಕದಲ್ಲಿ ನೋಡಿ ಓದಿದವರಿದ್ದಾರೆ. ಸಂಬಳವಿಲ್ಲದೆ. ಶಾಸನ ಓದೋರ ತಾಳ್ಮೆ ಅದು.

ಹಾಗಂತ ಎಲ್ಲದಕ್ಕೂ ಚಪ್ಪಾಳೆ ಹೊಡೆಯೋಕಾಗಲ್ಲ. 2024ರಲ್ಲಿ ನಿಂಟೆಂಡೊ ಯುಜು ಅನ್ನೋ ಎಮ್ಯುಲೇಟರ್ ತಂಡದ ಮೇಲೆ ಕೇಸು ಹಾಕಿತು. ವಾರದೊಳಗೆ 24 ಲಕ್ಷ ಡಾಲರ್ ಪರಿಹಾರಕ್ಕೆ ಒಪ್ಪಿ ಆ ತಂಡ ಅಂಗಡಿ ಮುಚ್ಚಿತು. ಅವರು ಓಡಿಸ್ತಿದ್ದದ್ದು ಹಳೇ ಗೇಮಲ್ಲ, ಅಂಗಡಿಯಲ್ಲಿ ಇನ್ನೂ ಮಾರಾಟವಾಗ್ತಿದ್ದ ಸ್ವಿಚ್ ಯಂತ್ರದ ಗೇಮ್. ಜೆಲ್ಡಾ ಸರಣಿಯ ಹೊಸ ಗೇಮ್ ಬಿಡುಗಡೆಗೆ ಮುಂಚೆಯೇ ಸೋರಿ, ಹತ್ತು ಲಕ್ಷಕ್ಕೂ ಹೆಚ್ಚು ಸಲ ಡೌನ್‌ಲೋಡ್ ಆಯ್ತು ಅನ್ನೋದು ನಿಂಟೆಂಡೊ ಆರೋಪ. ಇಲ್ಲಿ ನಾನು ಕಂಪನಿಯ ಕಡೆಗೇ. ನಿನ್ನೆ ಬಿಡುಗಡೆಯಾದ ಸಿನಿಮಾ ಕದಿಯೋದು ಬೇರೆ, ನೆಗೆಟಿವ್ ಕೂಡ ಕಳೆದುಹೋದ ಸಿನಿಮಾವನ್ನ ಹುಡುಕಿ ತರೋದು ಬೇರೆ.

ಆದರೆ ಕಾನೂನಿನ ಕಣ್ಣಿಗೆ ಎರಡೂ ಒಂದೇ. ಎಮ್ಯುಲೇಟರ್ ಬರೆಯೋದು ತಪ್ಪಲ್ಲ. ಅದರಲ್ಲಿ ಓಡೋ ಗೇಮಿನ ಪ್ರತಿಯನ್ನ ಹಂಚೋದು ತಪ್ಪು, ಆ ಗೇಮ್ 40 ವರ್ಷ ಹಳೇದಾದರೂ. ಸರಿ, ದುಡ್ಡು ಕೊಟ್ಟೇ ಕೊಳ್ತೀನಿ ಅಂದರೆ? ಸಿಗಬೇಕಲ್ಲ! ಅಮೆರಿಕದ ವಿಡಿಯೋ ಗೇಮ್ ಹಿಸ್ಟರಿ ಫೌಂಡೇಷನ್ 2023ರಲ್ಲಿ ಒಂದು ಅಧ್ಯಯನ ಮಾಡಿತು. 2010ಕ್ಕಿಂತ ಮುಂಚೆ ಆ ದೇಶದಲ್ಲಿ ಬಂದ ಗೇಮ್‌ಗಳಲ್ಲಿ ಶೇಕಡಾ 87ರಷ್ಟು ಇವತ್ತು ಅಂಗಡಿಯಲ್ಲಿ ಕೊಳ್ಳೋಕೆ ಸಿಗಲ್ಲ. ನೂರಕ್ಕೆ ಹದಿಮೂರು ಮಾತ್ರ ಜೀವಂತ. ಮಾರಲ್ಲ, ಹಂಚೋಕೂ ಬಿಡಲ್ಲ.

ಆ ಅಧ್ಯಯನ ಇಟ್ಟುಕೊಂಡು ಸಂರಕ್ಷಕರು ಅಮೆರಿಕದ ಕಾಪಿರೈಟ್ ಕಚೇರಿಯ ಮುಂದೆ ಒಂದು ಸಣ್ಣ ಬೇಡಿಕೆ ಇಟ್ಟರು. ಗ್ರಂಥಾಲಯಗಳ ಬಳಿ ಇರೋ, ಮಾರುಕಟ್ಟೆಯಲ್ಲಿ ಸಿಗದ ಗೇಮ್‌ಗಳನ್ನ ಸಂಶೋಧಕರು ದೂರದಿಂದಲೇ, ತಮ್ಮ ಕಂಪ್ಯೂಟರಿನಲ್ಲಿ ನೋಡೋಕೆ ಬಿಡಿ ಅಂತ. ಗೇಮ್ ಉದ್ಯಮ ವಿರೋಧಿಸಿತು. ಹಾಗೆ ಬಿಟ್ಟರೆ ಜನ ಸಂಶೋಧನೆ ಅಂದುಕೊಂಡು ಮಜಾಕ್ಕೆ ಆಡಿಬಿಡ್ತಾರೆ ಅನ್ನೋ ಭಯ. ಅಲ್ಲಾ ರೀ, ಕಾದಂಬರಿಯನ್ನ ಗ್ರಂಥಾಲಯದಿಂದ ಮನೆಗೆ ಒಯ್ಯೋವಾಗ ಖುಷಿಗಾಗಿ ಓದಲ್ಲ ಅಂತ ಯಾರಾದರೂ ಮುಚ್ಚಳಿಕೆ ಬರೆದುಕೊಡ್ತಾರಾ? 2024ರ ಅಕ್ಟೋಬರ್‌ನಲ್ಲಿ ಕಚೇರಿ ಆ ಬೇಡಿಕೆಯನ್ನ ತಳ್ಳಿಹಾಕಿತು. ಹಳೇ ಗೇಮಿನ ಮೇಲೆ ಪ್ರಬಂಧ ಬರೆಯೋ ವಿದ್ಯಾರ್ಥಿ ಈಗಲೂ ಟಿಕೆಟ್ ತೆಗೆದುಕೊಂಡು ಆ ಗ್ರಂಥಾಲಯದ ಕಟ್ಟಡಕ್ಕೇ ಹೋಗಬೇಕು. ಅಲ್ಲಿರೋ ಯಂತ್ರ ಅವತ್ತು ಆನ್ ಆದರೆ, ಆಡಿ ನೋಡಬಹುದು.