ಎಚ್‌ಎಲ್‌ಎ ಜೀನ್ ವೈವಿಧ್ಯ: ಪ್ರಯೋಗಾಲಯಗಳ ಅಂತರರಾಷ್ಟ್ರೀಯ ಸಹಕಾರ

ಮೂತ್ರಪಿಂಡ, ಅಸ್ಥಿಮಜ್ಜೆ ಮುಂತಾದವುಗಳ ಕಸಿಗೆ ಮುನ್ನ ರೋಗಿ ಹಾಗೂ ದಾನಿಯ ಎಚ್‌ಎಲ್‌ಎ ಪರೀಕ್ಷೆ ನಡೆಸಲಾಗುತ್ತದೆ. ದೇಹವು ತನ್ನದಲ್ಲದ್ದನ್ನು ಗುರುತಿಸಲು ನೆರವಾಗುವ ಸದರಿ ಜೀನ್‌ಗಳು ಆರನೆಯ ವರ್ಣತಂತುವಿನಲ್ಲಿದ್ದು, ಮಾನವರಲ್ಲಿ ಇವುಗಳ ಸಹಸ್ರಾರು ಬಗೆಗಳು ದಾಖಲಾಗಿವೆ.

ಆರಂಭದಲ್ಲಿ ಪ್ರತಿಯೊಂದು ಪ್ರಯೋಗಾಲಯವೂ ತನ್ನದೇ ವಿಧಾನ ಮತ್ತು ಹೆಸರುಗಳನ್ನು ಬಳಸುತ್ತಿತ್ತು. 1964ರಲ್ಲಿ ಬರ್ನಾರ್ಡ್ ಏಮಸ್ ಅವರು ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದಲ್ಲಿ ಏರ್ಪಡಿಸಿದ ಪ್ರಥಮ ಕಾರ್ಯಾಗಾರದಲ್ಲಿ ವಿವಿಧ ತಂಡಗಳು ಒಂದೇ ರಕ್ತಮಾದರಿಗಳನ್ನು ಪರೀಕ್ಷಿಸಿದಾಗ ಫಲಿತಾಂಶಗಳು ತಾಳೆಯಾಗಲಿಲ್ಲ. ಈ ವ್ಯತ್ಯಾಸ ಬಯಲಾದುದೇ ಕಾರ್ಯಾಗಾರದ ಮುಖ್ಯ ಪ್ರಯೋಜನವೆನ್ನಬಹುದು. 1967ರಲ್ಲಿ ಇಟಲಿಯ ಟ್ಯೂರಿನ್‌ನಲ್ಲಿ ಕುಟುಂಬಗಳ ರಕ್ತಮಾದರಿಗಳನ್ನು ಒಟ್ಟಾಗಿ ಪರೀಕ್ಷಿಸಿ, ಬೇರೆ ಬೇರೆ ಹೆಸರಿನ ಗುಣಗಳು ಒಂದೇ ಆನುವಂಶಿಕ ವ್ಯವಸ್ಥೆಗೆ ಸೇರಿದವೆಂದು ತೋರಿಸಲಾಯಿತು. 1968ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಆಶ್ರಯದಲ್ಲಿ ನಾಮಕರಣ ಸಮಿತಿ ಸಭೆ ಸೇರಿತು. 1972ರಲ್ಲಿ ಫ್ರಾನ್ಸ್‌ನ ಎವಿಯಾನ್‌ನಲ್ಲಿ ನಡೆದ ಕಾರ್ಯಾಗಾರವು ಜಗತ್ತಿನ ವಿವಿಧ ಜನಸಮುದಾಯಗಳ ಅಧ್ಯಯನಕ್ಕೆ ಮೀಸಲಾಗಿತ್ತು.

ಇದರ ಫಲವಾಗಿ, ವರದಿಯಲ್ಲಿನ ‘ಎ*02:01’ ಎಂಬಂತಹ ಸಂಕೇತಕ್ಕೆ ಎಲ್ಲ ದೇಶಗಳಲ್ಲಿಯೂ ಒಂದೇ ಅರ್ಥವಿದೆ. ಆದಕಾರಣ ಅರ್ಜಿಯಲ್ಲಿ ನಮೂದಿಸುವಾಗ ಒಂದು ಅಂಕಿಯೂ ಬಿಟ್ಟುಹೋಗಬಾರದು.

ಒಡಹುಟ್ಟಿದವರಿಬ್ಬರಲ್ಲಿ ಪೂರ್ಣ ಹೊಂದಾಣಿಕೆಯ ಸಂಭವ ಶೇ. 25 ಮಾತ್ರ. ಉಳಿದವರು ಅಸ್ಥಿಮಜ್ಜೆಗಾಗಿ ದಾನಿಗಳ ನೋಂದಣಿ ಪಟ್ಟಿಗಳನ್ನು ಅವಲಂಬಿಸಬೇಕಾಗುತ್ತದೆ. ಜಾಗತಿಕ ಪಟ್ಟಿಗಳಲ್ಲಿ ಯುರೋಪ್ ಮೂಲದವರೇ ಅಧಿಕವಾಗಿರುವುದರಿಂದ, ಭಾರತೀಯ ಮೂಲದ ರೋಗಿಗಳಿಗೆ ಹೊಂದುವ ದಾನಿ ದೊರೆಯುವುದು ಇಂದಿಗೂ ಕಠಿಣವಾಗಿದೆ.