ಬಿಳಿಸೆರಗು ಬಂದರೆ ಗರ್ಭಕೋಶ ತೆಗೆಸಲೇಬೇಕೇ?

"ಮಕ್ಕಳಾದ ಮೇಲೆ ಗರ್ಭಕೋಶದಿಂದ ಏನು ಉಪಯೋಗ? ಇಟ್ಟುಕೊಂಡರೆ ಕ್ಯಾನ್ಸರ್ ಆಗುತ್ತೆ, ತೆಗೆಸಿಬಿಡಿ." ಇಂಥ ಮಾತು ನಿಮ್ಮ ಮನೆಯಲ್ಲೂ ಕೇಳಿರಬಹುದು. ಸಿಂಧನೂರು, ಲಿಂಗಸುಗೂರು, ಮಸ್ಕಿ ಕಡೆ ಬಿಳಿಸೆರಗು, ಸೊಂಟನೋವು ಇದ್ದರೂ ನಾಟಿ, ಕಳೆ ಎಂದು ದುಡಿಯುವ ಹೆಣ್ಣುಮಕ್ಕಳು ಈ ಮಾತನ್ನು ನಂಬುವ ಮುನ್ನ ಕೆಲವು ಸಂಗತಿ ತಿಳಿದಿರಬೇಕು.

ಬಿಳಿಸೆರಗು ಕ್ಯಾನ್ಸರ್ ಅಲ್ಲ. ಮುಟ್ಟಿನ ನಡುವಿನ ದಿನಗಳಲ್ಲಿ ಸ್ವಲ್ಪ ಹೋಗುವುದು ಸಹಜ. ತುರಿಕೆ, ಉರಿ, ದುರ್ವಾಸನೆ ಇದ್ದರೆ ಹೆಚ್ಚಾಗಿ ಸೋಂಕು ಕಾರಣ. ಅದು ಮಾತ್ರೆಯಲ್ಲೇ ವಾಸಿಯಾಗುತ್ತದೆ. ಕೆಲವು ಸೋಂಕುಗಳಿಗೆ ಗಂಡನೂ ಮಾತ್ರೆ ತೆಗೆದುಕೊಳ್ಳಬೇಕು, ಇಲ್ಲದಿದ್ದರೆ ಮತ್ತೆ ಬರುತ್ತದೆ. ಸ್ಕ್ಯಾನಿಂಗ್‌ನಲ್ಲಿ "ಗಡ್ಡೆ" ಎಂದು ಬಂದರೂ ಗಾಬರಿ ಬೇಡ. ಇಂಥ ಗಡ್ಡೆಗಳಲ್ಲಿ ಬಹುತೇಕ ಕ್ಯಾನ್ಸರ್ ಅಲ್ಲ, ಎಷ್ಟೋ ಗಡ್ಡೆಗಳು ತೊಂದರೆಯನ್ನೂ ಕೊಡುವುದಿಲ್ಲ.

ನಮ್ಮ ಕಲ್ಯಾಣ ಕರ್ನಾಟಕದಲ್ಲೇ ಈ ಭಯ ಎಷ್ಟು ದುಬಾರಿಯಾಯಿತು ನೋಡಿ. 2015ರಲ್ಲಿ ಕಲಬುರಗಿ ಜಿಲ್ಲೆಯ ಲಂಬಾಣಿ ಮತ್ತು ದಲಿತ ಮಹಿಳೆಯರಿಗೆ ಖಾಸಗಿ ಆಸ್ಪತ್ರೆಗಳಲ್ಲಿ ಅನಗತ್ಯವಾಗಿ ಗರ್ಭಕೋಶ ತೆಗೆಯಲಾಗಿದೆ ಎಂಬ ದೂರು ದೊಡ್ಡ ಸುದ್ದಿಯಾಗಿ, ತನಿಖೆಯೂ ನಡೆಯಿತು. ಬಿಹಾರ, ಛತ್ತೀಸ್‌ಗಢ, ರಾಜಸ್ಥಾನದ ಇಂಥದ್ದೇ ದೂರುಗಳು ಸುಪ್ರೀಂ ಕೋರ್ಟ್‌ವರೆಗೆ ಹೋದವು. ಅನಗತ್ಯ ಆಪರೇಷನ್ ತಡೆಯುವ ಮಾರ್ಗಸೂಚಿಯನ್ನು ಎಲ್ಲ ರಾಜ್ಯಗಳೂ ಜಾರಿಗೊಳಿಸಬೇಕೆಂದು 2023ರಲ್ಲಿ ಕೋರ್ಟ್ ಹೇಳಿತು.

ತೆಗೆಸಿದರೆ ಏನಾಗುತ್ತದೆ? ಜೊತೆಗೆ ಅಂಡಾಶಯವನ್ನೂ ತೆಗೆದರೆ ಮೂವತ್ತೈದಕ್ಕೇ ಮುಟ್ಟು ನಿಂತವರ ಸ್ಥಿತಿ: ಮೈ ಬಿಸಿಯೇರುವುದು, ಮೂಳೆ ಸವೆತ, ಹೃದ್ರೋಗದ ಅಪಾಯ. ಅಂಡಾಶಯ ಉಳಿಸಿದರೂ ಮುಟ್ಟು ನಿಲ್ಲುವ ಕಾಲದ ಈ ಬದಲಾವಣೆಗಳು ಬೇಗ ಬರಬಹುದು. ಮುಟ್ಟಿನ ಕಾಟ ತಪ್ಪಿದರೆ ಕೂಲಿ ತಪ್ಪುವುದಿಲ್ಲ ಎಂದು ಲೆಕ್ಕ ಹಾಕುವವರಿದ್ದಾರೆ. ಆದರೆ ಆಪರೇಷನ್ ಆದಮೇಲೆ ಸುಮಾರು ಆರು ವಾರ ಭಾರ ಎತ್ತುವಂತಿಲ್ಲ.

ಹಾಗೆಂದು ಈ ಆಪರೇಷನ್ನೇ ತಪ್ಪಲ್ಲ. ಕ್ಯಾನ್ಸರ್, ಔಷಧಿಗೆ ಬಗ್ಗದ ರಕ್ತಸ್ರಾವ, ಗರ್ಭಕೋಶ ಜಾರಿರುವುದು, ಇಂಥ ಕಡೆ ಅದು ಬೇಕಾಗಬಹುದು. ಸಂಭೋಗದ ನಂತರ ಅಥವಾ ಮುಟ್ಟು ನಿಂತ ಮೇಲೆ ರಕ್ತ ಕಂಡರೆ ಮಾತ್ರ ತಡಮಾಡಬೇಡಿ. 30 ದಾಟಿದವರಿಗೆ ಗರ್ಭಕೋಶದ ಬಾಯಿಯ ಕ್ಯಾನ್ಸರ್ ತಪಾಸಣೆ ಸರ್ಕಾರಿ ವ್ಯವಸ್ಥೆಯಲ್ಲಿ ಉಚಿತ. ಎಲ್ಲಿ, ಯಾವಾಗ ಎಂದು ಆಶಾ ಕಾರ್ಯಕರ್ತೆಯನ್ನು ಕೇಳಿ.

ಇನ್ನು ಸಹಿಯ ವಿಚಾರ. 1995ರಲ್ಲಿ ದೆಹಲಿಯಲ್ಲಿ ತಪಾಸಣೆಗಷ್ಟೇ ಒಪ್ಪಿದ್ದ ಮಹಿಳೆಯೊಬ್ಬರು ಅರಿವಳಿಕೆಯಲ್ಲಿದ್ದಾಗ, ತಾಯಿಯ ಒಪ್ಪಿಗೆ ಪಡೆದು ಗರ್ಭಕೋಶ, ಅಂಡಾಶಯ ಎರಡನ್ನೂ ತೆಗೆದರು. ಆ ಒಪ್ಪಿಗೆ ಸಲ್ಲದು ಎಂದು 2008ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ವಯಸ್ಕ ಮಹಿಳೆಯ ದೇಹದ ಬಗ್ಗೆ ಒಪ್ಪಿಗೆ ಅವಳದ್ದೇ. ಗಂಡನದ್ದೋ ಅತ್ತೆಯದ್ದೋ ಅಲ್ಲ. ಫಾರ್ಮ್ ಓದಲು ಬಾರದಿದ್ದರೆ ಕನ್ನಡದಲ್ಲಿ ಓದಿ ಹೇಳಿಸಿಕೊಳ್ಳಿ. ಅಂಡಾಶಯವನ್ನೂ ತೆಗೆಯುತ್ತೀರಾ, ಔಷಧಿಯಲ್ಲಿ ಆಗುವುದಿಲ್ಲವೇ ಎಂದು ಕೇಳಿ. ತುರ್ತು ಇಲ್ಲದಿದ್ದರೆ ಸ್ಕ್ಯಾನಿಂಗ್ ವರದಿ ಹಿಡಿದು ತಾಲ್ಲೂಕು ಆಸ್ಪತ್ರೆಯ ಸ್ತ್ರೀರೋಗ ತಜ್ಞರಿಗೂ ಒಮ್ಮೆ ತೋರಿಸಿ. ಫೋನಿನಲ್ಲೇ ಸಲಹೆ ಬೇಕಿದ್ದರೆ ಆರೋಗ್ಯ ಸಹಾಯವಾಣಿ 104 ಇದೆ.