ಎಂಪರರ್ ಪೆಂಗ್ವಿನ್: ಅಧ್ಯಯನದ ಇತಿಹಾಸ

ಎಂಪರರ್ ಪೆಂಗ್ವಿನ್ ಅಂಟಾರ್ಕ್ಟಿಕ ಖಂಡದ ಅಂಚಿನಲ್ಲಿ ನೆಲೆಸಿರುವ ಹಕ್ಕಿ. ಇಂದು ಬದುಕಿರುವ ಪೆಂಗ್ವಿನ್ ಜಾತಿಗಳಲ್ಲಿ ಎಲ್ಲಕ್ಕಿಂತ ದೊಡ್ಡದು. ನಿಂತರೆ ಒಂದು ಮೀಟರಿಗಿಂತ ಎತ್ತರ. ತೂಕ ಋತುವಿಗೆ ತಕ್ಕಂತೆ 20ರಿಂದ 40 ಕಿಲೋ. ವೈಜ್ಞಾನಿಕ ಹೆಸರು ಆಪ್ಟೆನೊಡೈಟಿಸ್ ಫಾರ್ಸ್ಟೆರಿ. ಅಂಟಾರ್ಕ್ಟಿಕದ ನಟ್ಟ ಚಳಿಗಾಲದಲ್ಲಿ ಮೊಟ್ಟೆಯಿಟ್ಟು ಮರಿ ಮಾಡುವ ಹಕ್ಕಿ ಇದೊಂದೇ. ಅದೂ ಬಹುಪಾಲು ನೆಲದ ಮೇಲಲ್ಲ, ದಡಕ್ಕೆ ಅಂಟಿಕೊಂಡು ಹೆಪ್ಪುಗಟ್ಟಿದ ಕಡಲಿನ ಮೇಲೆ. ಬೇಸಿಗೆ ಮುಗಿದು ಹಡಗುಗಳು ಆ ತೀರ ಬಿಟ್ಟ ಮೇಲೆ ಇದರ ಸಂಸಾರ ಶುರುವಾಗುತ್ತದೆ. ಅವು ಮರಳಿ ಬರುವ ಹೊತ್ತಿಗೆ ಮರಿಗಳು ಕಡಲಿಗಿಳಿಯಲು ಸಜ್ಜಾಗಿರುತ್ತವೆ. ಈ ಹಕ್ಕಿಯ ಬಗೆಗಿನ ತಿಳಿವಳಿಕೆ ಅಷ್ಟು ನಿಧಾನವಾಗಿ ಬೆಳೆದುದಕ್ಕೆ ಇದೇ ಮುಖ್ಯ ಕಾರಣ.

ಬ್ರಿಟನ್ನಿನ ಪ್ರಾಣಿಶಾಸ್ತ್ರಜ್ಞ ಜಾರ್ಜ್ ರಾಬರ್ಟ್ ಗ್ರೇ 1844ರಲ್ಲಿ ಇದನ್ನು ಪ್ರತ್ಯೇಕ ಜಾತಿಯಾಗಿ ವರ್ಣಿಸಿದ. ಅಲ್ಲಿಯವರೆಗೆ ಇದಕ್ಕೂ ಇದನ್ನೇ ಹೋಲುವ, ಗಾತ್ರದಲ್ಲಿ ಚಿಕ್ಕದಾದ ಕಿಂಗ್ ಪೆಂಗ್ವಿನ್‌ಗೂ ವ್ಯತ್ಯಾಸ ಸ್ಪಷ್ಟವಿರಲಿಲ್ಲ. ಕ್ಯಾಪ್ಟನ್ ಕುಕ್‌ನ ಎರಡನೆಯ ಯಾನದಲ್ಲಿದ್ದ ನಿಸರ್ಗಶಾಸ್ತ್ರಜ್ಞ ಯೋಹಾನ್ ರೈನ್‌ಹೋಲ್ಡ್ ಫಾರ್ಸ್ಟರ್‌ನ ಗೌರವಾರ್ಥ ಗ್ರೇ ಹೊಸ ಜಾತಿಗೆ ಅವನ ಹೆಸರಿಟ್ಟ. ಹೆಸರೇನೋ ಸಿಕ್ಕಿತು. ಆದರೆ ಹಕ್ಕಿ ಎಲ್ಲಿ ಗೂಡು ಕಟ್ಟುತ್ತದೆ, ಯಾವಾಗ ಮೊಟ್ಟೆಯಿಡುತ್ತದೆ ಎಂಬ ಸಾಮಾನ್ಯ ಪ್ರಶ್ನೆಗಳಿಗೂ ಮುಂದಿನ ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಉತ್ತರವಿರಲಿಲ್ಲ. ಇದು ಗೂಡನ್ನೇ ಕಟ್ಟುವುದಿಲ್ಲ ಎಂಬುದು ತಿಳಿದದ್ದು ಆಮೇಲೆ.

1902ರ ಅಕ್ಟೋಬರಿನಲ್ಲಿ ರಾಬರ್ಟ್ ಫಾಲ್ಕನ್ ಸ್ಕಾಟ್‌ನ ಡಿಸ್ಕವರಿ ಯಾತ್ರೆಯ ರೆಜಿನಾಲ್ಡ್ ಸ್ಕೆಲ್ಟನ್ ರಾಸ್ ದ್ವೀಪದ ಕೇಪ್ ಕ್ರೋಜಿಯರ್‌ನಲ್ಲಿ ಮರಿಗಳಿದ್ದ ನೆಲೆಯೊಂದನ್ನು ಕಂಡ. ಮರುವರ್ಷ ಅದೇ ಯಾತ್ರೆಯ ವೈದ್ಯನೂ ಚಿತ್ರಕಾರನೂ ಆಗಿದ್ದ ಎಡ್ವರ್ಡ್ ವಿಲ್ಸನ್, ವಸಂತದ ಆರಂಭವಾದ ಸೆಪ್ಟೆಂಬರಿನಲ್ಲೇ ಅಲ್ಲಿಗೆ ಹೋದ. ಮೊಟ್ಟೆಗಳಿಂದ ಆಗಲೇ ಮರಿಗಳು ಹೊರಬಂದಿದ್ದವು. ಹಾಗಾದರೆ ಇವು ಮೊಟ್ಟೆಯಿಡುವುದು ಸೂರ್ಯನೇ ಮೂಡದ ನಡು ಚಳಿಗಾಲದಲ್ಲಿ! ಹಕ್ಕಿಯೊಂದು ಅಂಥ ಕಾಲವನ್ನು ಆರಿಸಿಕೊಂಡೀತೆಂದು ಅದುವರೆಗೆ ಯಾರೂ ಎಣಿಸಿರಲಿಲ್ಲ.

ಜೀವಿಯ ವಿಕಾಸದ ಹಂತಗಳು ಅದರ ಭ್ರೂಣದ ಬೆಳವಣಿಗೆಯಲ್ಲಿ ಮರುಕಳಿಸುತ್ತವೆ ಎಂಬ ಜೀವವಿಜ್ಞಾನಿ ಹೆಕೆಲ್‌ನ ವಾದ ಆಗ ಪ್ರಬಲವಾಗಿತ್ತು. ಎಂಪರರ್ ಪೆಂಗ್ವಿನ್ ಹಕ್ಕಿಗಳಲ್ಲೆಲ್ಲ ಅತಿ ಪುರಾತನವೆಂದು ವಿಲ್ಸನ್ ನಂಬಿದ್ದ. ಎಳೆಯ ಭ್ರೂಣ ಸಿಕ್ಕರೆ ಸರೀಸೃಪಗಳಿಂದ ಹಕ್ಕಿಗಳು ಬಂದ ದಾರಿ ಕಂಡೀತು ಎಂಬುದು ಅವನ ಆಸೆ. ಎರಡು ಊಹೆಗಳೂ ತಪ್ಪಾಗಿದ್ದವು. ಆದರೆ ಆ ಹಕ್ಕಿಯ ಚಳಿಗಾಲವನ್ನು ಮನುಷ್ಯರು ಮೊದಲು ಕಣ್ಣಾರೆ ಕಂಡದ್ದು ಆ ತಪ್ಪುಗಳ ಬೆನ್ನು ಹತ್ತಿಯೇ.

ಸ್ಕಾಟ್‌ನ ಎರಡನೆಯ ಯಾತ್ರೆಯಲ್ಲಿ, 1911ರ ಜೂನ್ 27ರಂದು, ವಿಲ್ಸನ್, ಹೆನ್ರಿ ಬವರ್ಸ್ ಮತ್ತು ಆಪ್‌ಸ್ಲಿ ಚೆರ್ರಿ-ಗ್ಯಾರಾರ್ಡ್ ಕೇಪ್ ಇವಾನ್ಸ್‌ನಿಂದ ಕೇಪ್ ಕ್ರೋಜಿಯರ್ ಕಡೆಗೆ ಹೊರಟರು. ದೂರ ಸುಮಾರು 100 ಕಿಲೋಮೀಟರ್. ಹಗಲಿಲ್ಲದ ಕತ್ತಲೆಯಲ್ಲಿ ಹಿಮಬಂಡಿಗಳನ್ನು ತಾವೇ ಎಳೆಯಬೇಕು. ಉಷ್ಣಾಂಶ ಒಮ್ಮೊಮ್ಮೆ ಸೊನ್ನೆಗಿಂತ 60 ಡಿಗ್ರಿ ಸೆಲ್ಸಿಯಸ್ ಕೆಳಗಿಳಿಯಿತು. ಬೆವರು ಬಟ್ಟೆಯಲ್ಲೇ ಹೆಪ್ಪುಗಟ್ಟಿತು, ಮಲಗುವ ಚೀಲಗಳು ಮರದ ಹಲಗೆಯಂತೆ ಸೆಟೆದವು. ಐದು ಮೊಟ್ಟೆ ಸಿಕ್ಕವು. ಎರಡು ದಾರಿಯಲ್ಲೇ ಒಡೆದವು. ಬಿರುಗಾಳಿ ಡೇರೆಯನ್ನು ಹೊತ್ತೊಯ್ದಿತು. ಅದು ಮತ್ತೆ ಸಿಗದಿದ್ದರೆ ಮೂವರೂ ಅಲ್ಲೇ ಸಾಯುತ್ತಿದ್ದರು. ಆಗಸ್ಟ್ 1ರಂದು ಮೂರು ಮೊಟ್ಟೆಗಳೊಂದಿಗೆ ಹಿಂತಿರುಗಿದರು. ವಿಲ್ಸನ್ ಮತ್ತು ಬವರ್ಸ್ ಮರುವರ್ಷ ಸ್ಕಾಟ್‌ನೊಂದಿಗೆ ದಕ್ಷಿಣ ಧ್ರುವದಿಂದ ಮರಳುವಾಗ ತೀರಿಕೊಂಡರು. ಮೊಟ್ಟೆಗಳನ್ನು 1913ರಲ್ಲಿ ಲಂಡನ್ನಿನ ನಿಸರ್ಗ ಇತಿಹಾಸ ವಸ್ತುಸಂಗ್ರಹಾಲಯಕ್ಕೆ ಒಪ್ಪಿಸಿದವನು ಚೆರ್ರಿ-ಗ್ಯಾರಾರ್ಡ್. ಅಲ್ಲಿ ತನಗೆ ಸಿಕ್ಕ ತಣ್ಣನೆಯ ಸ್ವಾಗತವನ್ನು ಅವನು 1922ರ ತನ್ನ ಪುಸ್ತಕದಲ್ಲಿ ಕಹಿಯಾಗಿಯೇ ಬರೆದಿದ್ದಾನೆ. ಭ್ರೂಣಗಳು ಒಬ್ಬ ತಜ್ಞನಿಂದ ಇನ್ನೊಬ್ಬನ ಕೈಗೆ ದಾಟಿದವು. ಕೊನೆಗೆ 1934ರಲ್ಲಿ ಸಿ. ಡಬ್ಲ್ಯೂ. ಪಾರ್ಸನ್ಸ್ ವರದಿ ಪ್ರಕಟಿಸಿದಾಗ, ಪೆಂಗ್ವಿನ್ ಭ್ರೂಣಶಾಸ್ತ್ರಕ್ಕೆ ಇವುಗಳಿಂದ ಹೆಚ್ಚೇನೂ ಸೇರಿಲ್ಲವೆಂದು ತೀರ್ಮಾನವಾಯಿತು.

ಇಡೀ ಸಂತಾನ ಋತುವಿನ ಮೊದಲ ವಿವರವಾದ ಅಧ್ಯಯನ ಆಕಸ್ಮಿಕದ ಫಲ. ಅಂಟಾರ್ಕ್ಟಿಕ ಪರ್ಯಾಯದ್ವೀಪದ ಸ್ಟೋನಿಂಗ್ಟನ್ ದ್ವೀಪದಲ್ಲಿದ್ದ ಬ್ರಿಟಿಷ್ ತಂಡವನ್ನು ಕರೆದೊಯ್ಯಬೇಕಿದ್ದ ಹಡಗು 1949ರಲ್ಲಿ ಮಂಜುಗಡ್ಡೆ ದಾಟಲಾರದೆ ಹೋಯಿತು. ತಂಡ ಇನ್ನೊಂದು ಚಳಿಗಾಲ ಅಲ್ಲೇ ಕಳೆಯಬೇಕಾಯಿತು. ತಂಡದಲ್ಲಿದ್ದ ಬರ್ನಾರ್ಡ್ ಸ್ಟೋನ್‌ಹೌಸ್ ಆ ಅವಧಿಯನ್ನು, ಹಿಂದಿನ ವರ್ಷವಷ್ಟೇ ಪತ್ತೆಯಾಗಿದ್ದ ಡಿಯಾನ್ ದ್ವೀಪಗಳ ಚಿಕ್ಕ ನೆಲೆಯ ಬಳಿ ಬೀಡುಬಿಟ್ಟು ಬಳಸಿಕೊಂಡ. 1953ರಲ್ಲಿ ಅವನ ವರದಿ ಹೊರಬಂತು.

ಫ್ರೆಂಚರ ಕಥೆಯೂ ಇಂಥದೇ. ಅಡೇಲಿ ಲ್ಯಾಂಡಿನ ಪೋರ್ಟ್ ಮಾರ್ಟಿನ್ ಕೇಂದ್ರ 1952ರ ಜನವರಿಯಲ್ಲಿ ಬೆಂಕಿಗೆ ಆಹುತಿಯಾಯಿತು. ಮಾರಿಯೊ ಮಾರೆ ನೇತೃತ್ವದ ಏಳು ಜನ ಮಾತ್ರ ಪ್ವಾಂಟ್ ಜಿಯಾಲಜಿ ದ್ವೀಪಸ್ತೋಮದಲ್ಲಿ ಚಳಿಗಾಲ ಕಳೆಯಲು ಉಳಿದರು. ಪೆಂಗ್ವಿನ್ ನೆಲೆ ಅವರ ಬಾಗಿಲಲ್ಲೇ ಇತ್ತು. ಆ ತಂಡದ ಜೀವವಿಜ್ಞಾನಿ ಜ್ಯಾನ್ ಪ್ರೆವೋ 1961ರಲ್ಲಿ ಪ್ರಕಟಿಸಿದ ಗ್ರಂಥ ಬಹುಕಾಲ ಈ ವಿಷಯದ ಆಧಾರಗ್ರಂಥವಾಗಿತ್ತು. 1956ರಿಂದ ಅಲ್ಲಿ ಡ್ಯುಮೊಂ ಡ್ಯುರ್ವಿಲ್ ಕೇಂದ್ರವಿದೆ. ಲೂಕ್ ಜಾಕೆ 2005ರ ತನ್ನ ಪ್ರಸಿದ್ಧ ಸಾಕ್ಷ್ಯಚಿತ್ರವನ್ನು ಚಿತ್ರಿಸಿದ್ದೂ ಅಲ್ಲಿನ ಹಕ್ಕಿಗಳನ್ನೇ.

ಈ ಚಳಿಗಾಲಗಳಿಂದ ಚಿತ್ರ ಸ್ಪಷ್ಟವಾಯಿತು. ಹೆಣ್ಣು ಒಂದೇ ಮೊಟ್ಟೆಯಿಟ್ಟು ಗಂಡಿಗೊಪ್ಪಿಸಿ ಕಡಲಿಗೆ ಹೋಗುತ್ತದೆ. ಗಂಡು ಮೊಟ್ಟೆಯನ್ನು ಪಾದದ ಮೇಲಿಟ್ಟು, ಹೊಟ್ಟೆಯ ಚರ್ಮದ ಮಡಿಕೆ ಮುಚ್ಚಿ, ಎರಡು ತಿಂಗಳಿಗೂ ಹೆಚ್ಚು ಕಾಲ ಕಾವು ಕೊಡುತ್ತದೆ. ಜೋಡಿ ಕೂಡಲು ಬಂದ ದಿನದಿಂದ ಲೆಕ್ಕ ಹಾಕಿದರೆ ಅದರ ಉಪವಾಸ ನಾಲ್ಕು ತಿಂಗಳ ಹತ್ತಿರಕ್ಕೆ ಬರುತ್ತದೆ. ದೇಹದ ತೂಕ ಶೇಕಡ 40ರಷ್ಟು ಕರಗುತ್ತದೆ. ಹೆಣ್ಣು ಬರುವ ಮೊದಲೇ ಮರಿ ಹುಟ್ಟಿದರೆ, ಆ ಹಸಿದ ಗಂಡೇ ಅನ್ನನಾಳದಿಂದ ಹಾಲಿನಂಥ ಸ್ರಾವ ಕಕ್ಕಿ ಉಣಿಸುತ್ತದೆ. ಗಂಡುಗಳು ಒತ್ತಾಗಿ ಗುಂಪುಗೂಡುವುದು ಈ ಉಪವಾಸದ ಇಂಧನ ಉಳಿಸಲೆಂದು ವಿಜ್ಞಾನಿ ಇವಾನ್ ಲ ಮಾಹೊ ಮತ್ತಿತರರು ತೋರಿಸಿದರು. 2006ರಲ್ಲಿ ಪ್ರಕಟವಾದ ಅಳತೆಗಳ ಪ್ರಕಾರ ಗುಂಪಿನೊಳಗಿನ ತಾಪ 37.5 ಡಿಗ್ರಿಯವರೆಗೂ ಏರುತ್ತದೆ. ಇಷ್ಟು ಒತ್ತಾದ ಗುಂಪು ಚಲಿಸುವುದು ಹೇಗೆಂಬುದು 2011ರಲ್ಲಿ ವೀಡಿಯೊ ವಿಶ್ಲೇಷಣೆಯಿಂದ ತಿಳಿಯಿತು: ಅರ್ಧ ನಿಮಿಷಕ್ಕೋ ಒಂದು ನಿಮಿಷಕ್ಕೋ ಒಮ್ಮೆ ಒಂದು ಹಕ್ಕಿ ಕೆಲವೇ ಸೆಂಟಿಮೀಟರ್ ಹೆಜ್ಜೆಯಿಟ್ಟರೆ, ಆ ಜರುಗು ಅಲೆಯಾಗಿ ಇಡೀ ಗುಂಪಿಗೆ ಹರಡುತ್ತದೆ.

ನೀರಿನೊಳಗಿನ ಬದುಕು ಬಯಲಾದದ್ದು ಬೇರೆ ದಾರಿಯಲ್ಲಿ. ಅಮೆರಿಕದ ಜೆರಾಲ್ಡ್ ಕೂಯ್‌ಮನ್ ಹಕ್ಕಿಗಳ ಮೈಗೆ ಆಳಮಾಪಕ ಕಟ್ಟಿ 1971ರಲ್ಲಿ 265 ಮೀಟರ್ ಮುಳುಗನ್ನು ವರದಿ ಮಾಡಿದ. ಈಗ ದಾಖಲೆ 564 ಮೀಟರ್. ದೀರ್ಘ ಮುಳುಗು 32 ನಿಮಿಷ.

ಒಟ್ಟು ಹಕ್ಕಿಗಳೆಷ್ಟು ಎಂಬ ಪ್ರಶ್ನೆಗೆ ಮಾತ್ರ ಅಲ್ಲಿ ಚಳಿಗಾಲ ಕಳೆದವರು ಉತ್ತರಿಸಲಾರರು. 2009ರಲ್ಲಿ ಬ್ರಿಟಿಷ್ ಅಂಟಾರ್ಕ್ಟಿಕ್ ಸರ್ವೆಯ ಪೀಟರ್ ಫ್ರೆಟ್‌ವೆಲ್ ಮತ್ತು ಫಿಲ್ ಟ್ರಾಥನ್, ಬಿಳಿ ಮಂಜಿನ ಮೇಲಿನ ಹಿಕ್ಕೆಯ ಕಂದು ಕಲೆಗಳನ್ನು ಉಪಗ್ರಹ ಚಿತ್ರಗಳಲ್ಲಿ ಹುಡುಕಿ 38 ನೆಲೆಗಳನ್ನು ಗುರುತಿಸಿದರು. ಅವುಗಳಲ್ಲಿ 10 ಹೊಸವು. 2012ರ ಗಣತಿ 46 ನೆಲೆಗಳಲ್ಲಿ ಸುಮಾರು 5,95,000 ಹಕ್ಕಿಗಳಿವೆಯೆಂದಿತು. 2024ರ ಹೊತ್ತಿಗೆ ಗೊತ್ತಿರುವ ನೆಲೆಗಳು 66. ಭಾರತದ ‘ಭಾರತಿ’ ಕೇಂದ್ರವಿರುವ ಲಾರ್ಸ್‌ಮನ್ ಬೆಟ್ಟಗಳಿಗೆ ಸಮೀಪದ ಅಮಂಡಾ ಕೊಲ್ಲಿಯಲ್ಲೂ ಒಂದಿದ್ದು, ಅದು ಅಂಟಾರ್ಕ್ಟಿಕ ಒಪ್ಪಂದದಡಿ ವಿಶೇಷ ರಕ್ಷಿತ ಪ್ರದೇಶ. ನೆಲೆಗಳ ಸಂಖ್ಯೆ ಹೆಚ್ಚಿದೆಯೆಂದರೆ ಹಕ್ಕಿಗಳು ಹೆಚ್ಚಿವೆ ಎಂದಲ್ಲ. ಹುಡುಕುವ ಕಣ್ಣು ಚುರುಕಾಗಿದೆ ಅಷ್ಟೇ.

ಅಳಿವಿನ ಸುಳಿವು ಮೊದಲು ಸಿಕ್ಕದ್ದು ಫ್ರೆಂಚರ ದೀರ್ಘಕಾಲದ ಲೆಕ್ಕದಿಂದ. ಪ್ವಾಂಟ್ ಜಿಯಾಲಜಿಯ ಸಂಖ್ಯೆ 1970ರ ದಶಕದ ಕೊನೆಯಲ್ಲಿ ಅರ್ಧಕ್ಕಿಳಿದಿತ್ತು. ಕಡಲ ಮಂಜುಗಡ್ಡೆ ಕಡಿಮೆಯಾದ ಬಿಸಿ ವರ್ಷಗಳಲ್ಲಿ ಬೆಳೆದ ಹಕ್ಕಿಗಳು ಹೆಚ್ಚು ಸತ್ತವು ಎಂದು 2001ರ ಅಧ್ಯಯನ ತೋರಿಸಿತು. ಹಾಗೆಂದು ಮಂಜುಗಡ್ಡೆ ಅತಿಯಾದರೂ ಒಳ್ಳೆಯದಲ್ಲ: ಆಹಾರಕ್ಕೆ ಹೋಗಿಬರುವ ದಾರಿ ಉದ್ದವಾಗಿ ಮರಿಯಾಗುವ ಮೊಟ್ಟೆಗಳು ಕಡಿಮೆಯಾಗುತ್ತವೆ. 1948ರಲ್ಲಿ ಸುಮಾರು 150 ಜೋಡಿಗಳಿದ್ದ ಡಿಯಾನ್ ದ್ವೀಪಗಳಲ್ಲಿ 2009ರಲ್ಲಿ ಒಂದು ಹಕ್ಕಿಯೂ ಕಾಣಲಿಲ್ಲ. ಜಗತ್ತಿನ ಎರಡನೆಯ ದೊಡ್ಡ ನೆಲೆಯಾಗಿದ್ದ ಹ್ಯಾಲಿ ಕೊಲ್ಲಿಯಲ್ಲಿ 2016ರಿಂದ ಸತತ ಮೂರು ವರ್ಷ ಮರಿಗಳು ಹೆಚ್ಚುಕಡಿಮೆ ಉಳಿಯಲೇ ಇಲ್ಲ. ಅಲ್ಲಿನ ಬಹಳಷ್ಟು ಹಕ್ಕಿಗಳು ಡಾಸನ್-ಲ್ಯಾಂಬ್ಟನ್ ನೆಲೆಗೆ ವಲಸೆ ಹೋದವು. 2022ರಲ್ಲಿ ಬೆಲ್ಲಿಂಗ್ಸ್‌ಹೌಸನ್ ಸಮುದ್ರದಲ್ಲಿ ಮಂಜುಗಡ್ಡೆ ಬೇಗ ಒಡೆದು, ನೀರು ತಡೆಯುವ ಗರಿ ಇನ್ನೂ ಮೂಡದ ಮರಿಗಳಿದ್ದ ಐದು ನೆಲೆಗಳ ಪೈಕಿ ನಾಲ್ಕರಲ್ಲಿ ಒಂದು ಮರಿಯೂ ಬದುಕುಳಿದಂತೆ ಕಾಣಲಿಲ್ಲ. ಅದೇ ವರ್ಷದ ಅಕ್ಟೋಬರಿನಲ್ಲಿ ಅಮೆರಿಕ ಈ ಹಕ್ಕಿಯನ್ನು ತನ್ನ ಅಳಿವಿನಂಚಿನ ಜೀವಿಗಳ ಕಾಯಿದೆಯಡಿ ಅಪಾಯಕ್ಕೊಳಗಾದ ಜಾತಿಗಳ ಪಟ್ಟಿಗೆ ಸೇರಿಸಿತು.